ಅಶೋಕ: ಶೋಕವಿಲ್ಲದವನ ಹೆಸರಿನ ಜಾಡು ಹಿಡಿದು

1915ರಲ್ಲಿ ಬೀಡನ್ ಅನ್ನೋ ಒಬ್ಬ ಎಂಜಿನಿಯರು (ನಮ್ಮ ಕುಲಬಾಂಧವನೇ ಅನ್ನಿ :-)) ಈಗಿನ ರಾಯಚೂರು ಜಿಲ್ಲೆಯ ಮಸ್ಕಿಯ ಸುತ್ತಮುತ್ತ ಚಿನ್ನದ ನಿಕ್ಷೇಪ ಹುಡುಕುತ್ತಾ ಓಡಾಡುತ್ತಿದ್ದ. ಆಗ ಮಸ್ಕಿ ಹೈದರಾಬಾದ್ ನಿಜಾಮರ ಸೀಮೆಗೆ ಸೇರಿತ್ತು. ಅಲ್ಲಿನ ಬೆಟ್ಟದ ಒಂದು ಬಂಡೆಯ ಮೇಲೆ ಹಳೆಯ ಅಕ್ಷರಗಳು ಅವನ ಕಣ್ಣಿಗೆ ಬಿದ್ದವು. ಅದೇ ವರ್ಷ ಹೊಸಕೋಟೆ ಕೃಷ್ಣಶಾಸ್ತ್ರಿಗಳು ಆ ಬರಹವನ್ನು ಓದಿ ಹೈದರಾಬಾದ್ ಪುರಾತತ್ವ ಗ್ರಂಥಮಾಲೆಯ ಮೊದಲ ಪುಸ್ತಕವಾಗಿ ಪ್ರಕಟಿಸಿದರು. ಶುರುವಿನಲ್ಲೇ ಎರಡು ಪದ: 'ದೇವಾನಂಪಿಯಸ ಅಸೋಕಸ'. ಅಂದರೆ, ದೇವರುಗಳಿಗೆ ಪ್ರಿಯನಾದ ಅಶೋಕನ (ಮಾತು).

ಇದರಲ್ಲೇನು ಮಹಾ ವಿಶೇಷ ಅಂತೀರಾ? ಅಲ್ಲಿಯವರೆಗೆ ಸಿಕ್ಕಿದ್ದ ಆ ರಾಜನ ಶಾಸನಗಳಲ್ಲಿ ಒಂದರಲ್ಲೂ 'ಅಶೋಕ' ಅನ್ನೋ ಹೆಸರೇ ಇರಲಿಲ್ಲ. ಪೇಶಾವರದ ಆಚೆಯಿಂದ ಹಿಡಿದು ನಮ್ಮ ಚಿತ್ರದುರ್ಗದವರೆಗೆ ಕಲ್ಲುಗಳ ಮೇಲೆ ಅಷ್ಟೆಲ್ಲ ಮಾತಾಡಿದ ಮನುಷ್ಯ ತನ್ನ ಹೆಸರು ಹೇಳಿಕೊಂಡದ್ದು ಕರ್ನಾಟಕದ ಒಂದು ಬಂಡೆಯ ಮೇಲೆ! ಈ ವಿಷಯ ಓದಿದಾಗಿನಿಂದ ಆ ಹೆಸರೇ ತಲೆಯಲ್ಲಿ ಕೂತುಬಿಟ್ಟಿದೆ. ಅದರ ಅರ್ಥವೇನು, ಎಲ್ಲಿಂದ ಬಂತು, ಯಾರ್ಯಾರು ಇಟ್ಟುಕೊಂಡರು ಅಂತ ಹುಡುಕುತ್ತಾ ಹೋದೆ. ಸಿಕ್ಕಿದ್ದನ್ನೆಲ್ಲ ಇಲ್ಲಿ ಒಂದು ಕಡೆ ಗುಡ್ಡೆ ಹಾಕಿದ್ದೇನೆ. ಸ್ವಲ್ಪ ಉದ್ದವಾಯ್ತು, ಕಾಫಿ ತಗೊಂಡು ಕೂತ್ಕೊಳ್ಳಿ.

*

ಮೊದಲು ಅರ್ಥ. ಮಕ್ಕಳ ಹೆಸರಿನ ಪಟ್ಟಿ ಕೊಡುವ ಯಾವ ಪುಸ್ತಕ ತೆಗೆದರೂ 'ಅಶೋಕ = ಶೋಕ ಇಲ್ಲದವನು' ಅಂತ ಒಂದೇ ಸಾಲು. ನಮ್ಮ ನೆಂಟರ ಮನೆಯಲ್ಲಿ ಇತ್ತೀಚೆಗೆ ಮಗುವಿಗೆ ಹೆಸರು ಹುಡುಕುವಾಗ ಯಾರೋ ಈ ಹೆಸರು ಎತ್ತಿದರು. ತಕ್ಷಣ ನಮ್ಮ ದೊಡ್ಡಮ್ಮ, "ಅಯ್ಯೋ ಬೇಡಪ್ಪಾ, ದಿನಾ ಬೆಳಗಾದ್ರೆ ಮಗೂನ ಶೋಕ ಶೋಕ ಅಂತ ಕರೀಬೇಕಾ" ಅಂದುಬಿಟ್ಟರು. ಎಲ್ಲರೂ ನಕ್ಕರು, ಪಟ್ಟಿಯಿಂದ ಹೆಸರೂ ಹೋಯ್ತು. ಆದರೆ ಪ್ರಶ್ನೆ ಮಾತ್ರ ಚೆನ್ನಾಗಿದೆ ಅಲ್ವಾ? 'ಸುಖ' ಅಂತ ನೇರವಾಗಿ ಹೇಳುವ ಬದಲು, ದುಃಖವನ್ನು ಕರೆದು ಬಾಗಿಲಲ್ಲಿ ನಿಲ್ಲಿಸಿ 'ನೀನು ಒಳಗೆ ಬರಬೇಡ' ಅನ್ನುವಂಥ ಹೆಸರನ್ನು ಯಾಕಾದರೂ ಇಡುತ್ತಾರೆ?

ನೋಡಿದರೆ ನಮ್ಮ ಹೆಸರುಗಳಲ್ಲಿ ಅರ್ಧಕ್ಕರ್ಧ ಇಂಥವೇ. ಅಜಿತ ಅಂದರೆ ಗೆಲ್ಲಲಾಗದವನು. ಅನಂತನಿಗೆ ಕೊನೆಯಿಲ್ಲ. ಅಚ್ಯುತ ಜಾರದವನು. ಅಭಯನಿಗೆ ಭಯವಿಲ್ಲ. ಅನಿರುದ್ಧನನ್ನು ತಡೆಯಲಾಗದು. ಅಪರ್ಣೆ ತಪಸ್ಸು ಮಾಡುವಾಗ ಎಲೆಯನ್ನೂ ತಿನ್ನದೆ ಇದ್ದವಳು. ಸಂಸ್ಕೃತ ವ್ಯಾಕರಣದಲ್ಲಿ ಇದನ್ನು ನಞ್ ಸಮಾಸ ಅಂತಾರೆ. ಯಾರಿಗೆ ಶೋಕವಿಲ್ಲವೋ ಅವನು ಅಂತ ಬಿಡಿಸಿದರೆ ಬಹುವ್ರೀಹಿ. ಇಡೀ ಹೆಸರಿನ ಭಾರವೆಲ್ಲ ಮುಂದಿರುವ ಆ ಪುಟ್ಟ 'ಅ'ಕಾರದ ಮೇಲೆ. ಕೋಡ್ ಬರೆಯೋರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ. ಕಂಡೀಶನ್ನಿನ ಮುಂದಿನ ಒಂದು ಆಶ್ಚರ್ಯಸೂಚಕ ಚಿಹ್ನೆ ಬಿಟ್ಟುಹೋದರೆ ಪ್ರೋಗ್ರಾಮ್ ಪೂರ್ತಿ ಉಲ್ಟಾ ನಡೆಯುತ್ತಲ್ಲ, ಹಾಗೆ. ತಮಾಷೆ ಅಲ್ಲ, ಥಾಯ್ಲೆಂಡಿನಲ್ಲಿ ಇದು ನಿಜಕ್ಕೂ ಆಗಿದೆ! ಅಲ್ಲಿ ಅಶೋಕ ಮರಕ್ಕೆ ಆಡುಮಾತಿನ ಹೆಸರು 'ಸೋಕ್'. ಮುಂದಿನ 'ಅ' ಉದುರಿ ಹೋಗಿ, ದುಃಖವಿಲ್ಲದ ಮರ ದುಃಖದ ಮರವಾಗಿಬಿಟ್ಟಿದೆ. ಅದೇ ದೇಶದ ಬ್ಯಾಂಕಾಕಿನ ಮೆಟ್ರೋದಲ್ಲಿ ಮಾತ್ರ 'ಅಸೋಕ್' ಅಂತಲೇ ಒಂದು ಸ್ಟೇಷನ್ ಇದೆ, 'ಅ' ಭದ್ರವಾಗಿದೆ.

'ಶೋಕ' ಅನ್ನೋ ಪದದ ಒಳಗೂ ಸ್ವಲ್ಪ ಇಣುಕೋಣ. ಅದು 'ಶುಚ್' ಧಾತುವಿನಿಂದ ಬಂದದ್ದು. ವೇದದ ಭಾಷೆಯಲ್ಲಿ ಅದಕ್ಕೆ ಉರಿಯುವುದು, ಹೊಳೆಯುವುದು ಅನ್ನೋ ಅರ್ಥ. ಶುಚಿ, ಶುಕ್ರ ಎಲ್ಲ ಅದೇ ಮನೆತನ. ಅಲ್ಲಿ ಶೋಕ ಅಂದರೆ ಜ್ವಾಲೆ. ಆಮೇಲಾಮೇಲೆ ಒಳಗೆ ಸುಡುವ ಬೇಗೆಗೆ ಆ ಪದ ನಿಂತಿತು. ನಾವೂ ದುಃಖವನ್ನು ಹೇಳುವುದು ಹಾಗೇ ಅಲ್ಲವಾ: ಕರುಳು ಸುಟ್ಟ ಹಾಗಾಯ್ತು, ಹೊಟ್ಟೆ ಉರೀತು. ಅಂದಮೇಲೆ ಅಶೋಕ ಅಂದರೆ ಬರೀ ಅಳದೇ ಇರುವವನಲ್ಲ, ಒಳಗೆ ಬೇಯದೇ ಇರುವವನು.

ಇನ್ನೊಂದು ವಿಷಯ. ವಿಷ್ಣುಸಹಸ್ರನಾಮದಲ್ಲಿ 'ಅಶೋಕ' ಒಂದು ಹೆಸರು. ಅಷ್ಟೇ ಅಲ್ಲ, ಮುಂದೆ 'ವಿಶೋಕ', 'ಶೋಕನಾಶನ' ಅಂತ ಎರಡು ಪಕ್ಕಪಕ್ಕದಲ್ಲೇ ಬರುತ್ತವೆ. ಅಂದರೆ ನಮ್ಮ ದೊಡ್ಡಮ್ಮ ದಿನಾ ಬೆಳಿಗ್ಗೆ ದೇವರ ಮುಂದೆ ಕೂತು ಮೂರು ಸಲ ಇದೇ ಹೆಸರನ್ನು ಕರೆಯುತ್ತಾ ಇದ್ದಾರೆ. ಅವರಿಗೆ ಇದನ್ನು ಹೇಳಿದೆ. "ದೇವರ ವಿಷಯ ಬೇರೆ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ :-)

*

ಮನುಷ್ಯರಿಗಿಂತ ಹೆಚ್ಚಾಗಿ ಕಾವ್ಯಗಳಲ್ಲಿ ಈ ಹೆಸರು ಮೆರೆದದ್ದು ಮರದ ಮೇಲೆ. ಕಿತ್ತಳೆ-ಕೆಂಪು ಗೊಂಚಲು ಹೂ ಬಿಡುವ ಮರ ಇದು. ಸಸ್ಯಶಾಸ್ತ್ರದವರು ಸರಾಕಾ ಅಸೋಕ ಅಂತಾರೆ, ಅಲ್ಲೂ ನಮ್ಮ ಪದವೇ. ಸಂಸ್ಕೃತದಲ್ಲಿ ವಂಜುಲ, ಕಂಕೇಲಿ ಅಂತ ಬೇರೆ ಹೆಸರುಗಳೂ ಉಂಟು. ಹಳಗನ್ನಡದಲ್ಲಿ ಇದು 'ಅಸುಗೆ'. ಎಷ್ಟು ಚಂದದ ತದ್ಭವ ನೋಡಿ. ಶ ಹೋಗಿ ಸ ಬಂತು, ಕ ಹೋಗಿ ಗ ಬಂತು, ಕೊನೆಗೆ ನಮ್ಮ ಮಲ್ಲಿಗೆ ಸಂಪಿಗೆಗಳ ಸಾಲಿನಲ್ಲಿ ಹೋಗಿ ಕೂತಿತು. ಯಾರಾದರೂ ಹೆಣ್ಣುಮಗುವಿಗೆ ಹೊಸ ಹೆಸರು ಹುಡುಕುತ್ತಾ ಇದ್ದರೆ 'ಅಸುಗೆ'ಯನ್ನು ಯೋಚಿಸಿ, ಪುಕ್ಕಟೆ ಸಲಹೆ.

ಇಲ್ಲೊಂದು ಗೊಂದಲ ಬಿಡಿಸಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟು, ಆಫೀಸುಗಳ ಕಾಂಪೌಂಡಿನ ಪಕ್ಕ ಸಾಲಾಗಿ, ಕಂಬದ ಹಾಗೆ ನೆಟ್ಟಗೆ ಬೆಳೆದು ಎಲೆಗಳನ್ನು ಕೆಳಗೆ ಇಳಿಬಿಟ್ಟಿರುತ್ತಲ್ಲ, ಎಲ್ಲರೂ ಅಶೋಕ ಅಂತ ಕರೆಯುವ ಆ ಮರ ಅಶೋಕ ಅಲ್ಲವೇ ಅಲ್ಲ! ಅದು ಸೀತಾಫಲದ ಕುಟುಂಬಕ್ಕೆ ಸೇರಿದ ಬೇರೆಯೇ ಗಿಡ. ಅದರ ಹೂವು ಹಸಿರು, ಗಮನಿಸಿ ನೋಡದಿದ್ದರೆ ಕಾಣುವುದೂ ಇಲ್ಲ. ನಿಜವಾದ ಅಶೋಕ ಅಗಲಕ್ಕೆ ಹರಡಿ ನೆರಳು ಕೊಡುವ ಮರ, ಹುಣಸೆಯ ಕುಟುಂಬದ್ದು. ಅದರ ತೊಗಟೆಯಿಂದ ಹೆಂಗಸರ ತೊಂದರೆಗಳಿಗೆ ಆಯುರ್ವೇದದ ಅಶೋಕಾರಿಷ್ಟ ಮಾಡುತ್ತಾರೆ. ತೊಗಟೆಗಾಗಿ ಕಡಿದೂ ಕಡಿದೂ ಕಾಡಿನಲ್ಲಿ ಆ ಮರ ಕಡಿಮೆಯಾಗುತ್ತಾ ಬಂದು, ಅಪಾಯದಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಗೆ ಸೇರಿದೆ. ಹೆಸರು ಒಬ್ಬನದು, ಅದನ್ನು ಹೊತ್ತು ಬೀದಿಬೀದಿಯಲ್ಲಿ ನಿಂತಿರುವವನು ಇನ್ನೊಬ್ಬ. ಹೆಸರಿನ ಮಾಲೀಕ ಮಾತ್ರ ಸದ್ದಿಲ್ಲದೆ ಖಾಲಿಯಾಗುತ್ತಿದ್ದಾನೆ.

ಕಾವ್ಯಕ್ಕೆ ಬರೋಣ. ಮನ್ಮಥನ ಐದು ಹೂಬಾಣಗಳಲ್ಲಿ ಅಶೋಕವೂ ಒಂದು. ಚೆಲುವೆಯೊಬ್ಬಳು ಕಾಲಿನಿಂದ ಒದ್ದರೆ ಅಶೋಕ ಹೂ ಬಿಡುತ್ತದೆ ಅನ್ನೋದು ಕವಿಗಳ ನಂಬಿಕೆ. ಕಾಳಿದಾಸನ ಮಾಲವಿಕಾಗ್ನಿಮಿತ್ರ ನಾಟಕದ ಮೂರನೇ ಅಂಕ ನಿಂತಿರುವುದೇ ಇದರ ಮೇಲೆ. ಒದೆಯಬೇಕಾಗಿದ್ದ ರಾಣಿ ಧಾರಿಣಿ ಉಯ್ಯಾಲೆಯಿಂದ ಬಿದ್ದು ಕಾಲು ನೋಯಿಸಿಕೊಂಡಿದ್ದಾಳೆ. ಬದಲಿಗೆ ಮಾಲವಿಕೆ ಬರುತ್ತಾಳೆ, ರಾಜ ಮರೆಯಲ್ಲಿ ನಿಂತು ನೋಡುತ್ತಾನೆ. ಆ ರಾಜ ಅಗ್ನಿಮಿತ್ರ ಯಾರು ಗೊತ್ತಾ? ಕೊನೆಯ ಮೌರ್ಯ ದೊರೆಯನ್ನು ಕೊಂದು ಸಿಂಹಾಸನ ಹಿಡಿದ ಪುಷ್ಯಮಿತ್ರ ಶುಂಗನ ಮಗ. ಅಶೋಕನ ವಂಶವನ್ನು ಮುಗಿಸಿದವರ ತೋಟದಲ್ಲಿ ಅಶೋಕ ಮರಕ್ಕೆ ಒದೆ! ಕಾಳಿದಾಸನ ಮನಸ್ಸಿನಲ್ಲಿ ಇದು ಇತ್ತು ಅಂತ ನಾನೇನೂ ಹೇಳ್ತಾ ಇಲ್ಲ. ಆದರೂ ಒಂದು ಸಲ ಹೊಳೆದ ಮೇಲೆ ಮರೆಯೋದು ಕಷ್ಟ.

ಇದಕ್ಕಿಂತ ನನ್ನನ್ನು ಹೆಚ್ಚು ಹಿಡಿದದ್ದು ಮಹಾಭಾರತದ ವನಪರ್ವದ ದಮಯಂತಿ. ನಳ ಕಾಡಿನಲ್ಲಿ ಬಿಟ್ಟು ಹೋದ ಮೇಲೆ ಅವಳು ಅಲೆಯುತ್ತಾ ಒಂದು ಅಶೋಕ ಮರದ ಹತ್ತಿರ ಬರುತ್ತಾಳೆ. ನಿನ್ನ ಹೆಸರನ್ನು ನಿಜ ಮಾಡು, ನನ್ನ ಶೋಕ ಕಳೆ ಅಂತ ಮರವನ್ನೇ ಬೇಡಿಕೊಳ್ಳುತ್ತಾಳೆ. ಆ ಮಾತಿನಲ್ಲಿ ಮರಕ್ಕೆ ಅವಳು ಕೊಡುವ ವಿಶೇಷಣ 'ಪ್ರಿಯದರ್ಶನ'. ನೋಡಲು ಹಿತವಾದವನು ಅಂತ. ಅಲ್ಲೇ 'ವೀತಶೋಕ' ಅನ್ನೋ ಪದವೂ ಬರುತ್ತೆ. ಅಶೋಕ, ಪ್ರಿಯದರ್ಶನ, ವೀತಶೋಕ... ಈ ಮೂರೂ ಹೆಸರುಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಸೀತೆಯ ಅಶೋಕವನವಂತೂ ಗೊತ್ತೇ ಇದೆ. ಶೋಕವಿಲ್ಲದ ವನ ಅಂತ ಹೆಸರಿಟ್ಟ ಜಾಗದಲ್ಲೇ ರಾಮಾಯಣದ ಅತಿ ದೊಡ್ಡ ಶೋಕ ನಡೆಯುತ್ತೆ. ವಾಲ್ಮೀಕಿಯ ಪ್ರಕಾರ ಅವಳು ಕೂತಿದ್ದದ್ದು ಅಶೋಕದ ಕೆಳಗಲ್ಲ, ಆ ತೋಟದೊಳಗಿದ್ದ ಶಿಂಶುಪಾ ಮರದ ಕೆಳಗೆ. ಹಳೆಯ ಕವಿಗಳು ಈ ಹೆಸರನ್ನು ಬಳಸಿದಾಗೆಲ್ಲ ಹತ್ತಿರದಲ್ಲೇ ಅಳುವವರೊಬ್ಬರನ್ನು ತಂದು ಕೂರಿಸುತ್ತಾರೆ ಅನ್ಸುತ್ತೆ. ಹೆಸರಿನ ಭರವಸೆಗೂ ಅದನ್ನು ಕರೆಯುವವರ ಸ್ಥಿತಿಗೂ ನಡುವೆ ಇರುವ ಆ ಅಂತರದಲ್ಲೇ ಅವರಿಗೆ ಕಾವ್ಯ ಸಿಕ್ಕಿದ್ದು.

*

ಈಗ ರಾಜನ ಕಥೆ. ಬೌದ್ಧರ ಅಶೋಕಾವದಾನದಲ್ಲಿ ನಾಮಕರಣದ ಪ್ರಸಂಗವೇ ಇದೆ. ಚಂಪಾ ನಗರದ ಬ್ರಾಹ್ಮಣ ಹುಡುಗಿಯೊಬ್ಬಳು ಬಿಂದುಸಾರನ ಅಂತಃಪುರಕ್ಕೆ ಬರುತ್ತಾಳೆ. ಇವಳ ಚೆಲುವು ನೋಡಿ ಹೊಟ್ಟೆಕಿಚ್ಚಾದ ಅಲ್ಲಿನ ಹೆಂಗಸರು ಅವಳನ್ನು ಕ್ಷೌರದ ಕೆಲಸಕ್ಕೆ ಹಚ್ಚಿ ರಾಜನಿಂದ ದೂರ ಇಡುತ್ತಾರೆ. ಕೊನೆಗೂ ಅವಳು ರಾಣಿಯಾಗಿ ಗಂಡುಮಗು ಹುಟ್ಟಿದಾಗ, ಈಗ ನಾನು ಶೋಕವಿಲ್ಲದವಳಾದೆ ಅಂದಳಂತೆ. ಅದಕ್ಕೇ ಮಗ ಅಶೋಕ. ಎರಡನೆಯವನು ಹುಟ್ಟಿದಾಗ ಶೋಕ ಪೂರ್ತಿ ಹೋಯಿತು ಅಂದಳು, ಅವನು ವೀತಶೋಕ. (ದಮಯಂತಿಯ ಪದ!) ಕಥೆ ಎಷ್ಟರಮಟ್ಟಿಗೆ ನಿಜ ಅನ್ನೋದು ಬೇರೆ ಮಾತು, ಆ ಪುಸ್ತಕ ಹುಟ್ಟಿದ್ದು ಅಶೋಕ ಹೋಗಿ ಕೆಲವು ಶತಮಾನ ಆದಮೇಲೆ. ಆದರೆ ಅದರಲ್ಲೊಂದು ಸೂಕ್ಷ್ಮ ಇದೆ. ಹೆಸರು ಹೊತ್ತದ್ದು ಮಗ, ಶೋಕ ಕಳೆದದ್ದು ತಾಯಿಗೆ. ಎಷ್ಟೋ ಹೆಸರುಗಳು ಹೀಗೇ ಅಲ್ಲವಾ? ಅವು ಹೇಳುವುದು ಮಗುವಿನ ವಿಷಯವನ್ನಲ್ಲ, ಇಟ್ಟವರ ಆಸೆಯನ್ನ.

ಅವನೇ ಮೊದಲ ಅಶೋಕನೂ ಅಲ್ಲ. ವೈಶಾಲಿಯ ಎರಡನೇ ಬೌದ್ಧ ಸಂಗೀತಿಯ ಕಾಲಕ್ಕೆ 'ಕಾಳಾಶೋಕ' ಅನ್ನೋ ದೊರೆ ಇದ್ದ ಅಂತ ಸಿಂಹಳದ ಇತಿಹಾಸ ಗ್ರಂಥಗಳು ಹೇಳುತ್ತವೆ. ಪುರಾಣಗಳ ಮೌರ್ಯ ವಂಶಾವಳಿಯಲ್ಲಿ ನಮ್ಮ ರಾಜನ ಹೆಸರು 'ಅಶೋಕವರ್ಧನ'. ಬೌದ್ಧ ಕಥೆಗಳಲ್ಲಿ ಒಬ್ಬನಿಗೇ ಎರಡು ಹೆಸರು: ಮೊದಲು ಚಂಡಾಶೋಕ, ಬದಲಾದ ಮೇಲೆ ಧರ್ಮಾಶೋಕ. ಚೀನೀಯರು ಈ ಹೆಸರನ್ನು ಎರಡು ರೀತಿ ತಗೊಂಡರು. ಉಚ್ಚಾರಣೆ ಅನುಸರಿಸಿ 'ಅಯು' ಅಂತ, ಅರ್ಥ ಅನುಸರಿಸಿ 'ವೂ-ಯೋ' ಅಂತ. ವೂ ಅಂದರೆ ಇಲ್ಲ, ಯೋ ಅಂದರೆ ಚಿಂತೆ. ನಞ್ ಸಮಾಸವನ್ನು ಹಾಗೇ ಎತ್ತಿ ಚೀನಾಕ್ಕೆ ಒಯ್ದಿದ್ದಾರೆ!

ಆದರೆ ರಾಜ ಸ್ವತಃ ಕಲ್ಲಿನ ಮೇಲೆ ಬರೆಸುವಾಗ ಸಾಮಾನ್ಯವಾಗಿ ಬಳಸಿದ್ದು ಬಿರುದುಗಳನ್ನು. ದೇವಾನಂಪಿಯ (ದೇವರುಗಳಿಗೆ ಪ್ರಿಯ), ಪಿಯದಸಿ (ಪ್ರಿಯದರ್ಶಿ). ಈ ಬಿರುದಿಗೆ ಮುಂದೆ ಒದಗಿದ ಗತಿ ನೋಡಿ. ನಂತರದ ಸಂಸ್ಕೃತ ವೈಯಾಕರಣರ ಕೈಯಲ್ಲಿ 'ದೇವಾನಾಂಪ್ರಿಯ' ಅಂದರೆ ಮೂರ್ಖ ಅಂತಾಯಿತು. ಪತಂಜಲಿಯ ಕಾಲಕ್ಕೆ ಅದು ಇನ್ನೂ ಗೌರವದ ಮಾತೇ ಆಗಿತ್ತು, ಬೈಗುಳವಾದದ್ದು ಆಮೇಲೆ. ರಾಜ ತಾನಾಗಿ ಆರಿಸಿಕೊಂಡ ಬಿರುದು ಕೆಟ್ಟುಹೋಯಿತು. ಅಪ್ಪ ಅಮ್ಮ ಇಟ್ಟ ಹೆಸರು ಮಾತ್ರ ಉಳಿಯಿತು.

*

ಉಳಿಯಿತು ಅಂದೆನಲ್ಲ, ಆದರೆ ಹೆಸರಿಗೂ ಕಲ್ಲಿಗೂ ನಡುವಿನ ಕೊಂಡಿ ಕಳಚಿಹೋಗಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿದ. ಈಸ್ಟ್ ಇಂಡಿಯಾ ಕಂಪನಿಯ ಟಂಕಸಾಲೆಯ ಅಧಿಕಾರಿ ಅವನು. ಎಲ್ಲ ಸ್ತಂಭಗಳೂ 'ದೇವಾನಂಪಿಯ ಪಿಯದಸಿ' ಅಂತ ಶುರುವಾಗುತ್ತವೆ. ಯಾರಪ್ಪಾ ಇವನು? ಆ ಹೆಸರಿನ ರಾಜ ನಮ್ಮ ಯಾವ ಪುರಾಣದ ಪಟ್ಟಿಯಲ್ಲೂ ಇಲ್ಲ. ಸಿಂಹಳದಲ್ಲಿ ದೇವಾನಂಪಿಯ ತಿಸ್ಸ ಅಂತ ರಾಜನಿದ್ದನಲ್ಲ, ಅವನೇ ಇರಬೇಕು ಅಂದುಕೊಂಡ ಪ್ರಿನ್ಸೆಪ್. ಆಗ ಸಿಂಹಳದಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್, ಪಾಳಿಯ ದೀಪವಂಸದಲ್ಲಿ ಅಶೋಕನಿಗೇ ಪಿಯದಸಿ ಅಂತ ಹೆಸರಿದೆ ಎಂದು ತೋರಿಸಿದ. ಗುಟ್ಟು ಬಿಟ್ಟಿತು. ಪ್ರಿನ್ಸೆಪ್ 1840ರಲ್ಲಿ ತೀರಿಕೊಂಡಾಗ ಅವನಿಗಿನ್ನೂ ನಲವತ್ತೇ ವರ್ಷ.

ಆದರೆ ಈ ಇಡೀ ಗುರುತಿಸುವಿಕೆ ನಿಂತಿದ್ದು ಸಮುದ್ರದಾಚೆಯ, ಆರು ನೂರು ವರ್ಷ ತಡವಾಗಿ ಹುಟ್ಟಿದ ಒಂದು ಪುಸ್ತಕದ ಮೇಲೆ. ಕಲ್ಲುಗಳ ಸಾಕ್ಷ್ಯ ಎಲ್ಲಿ? ಗುಜರಾತಿನ ಗಿರ್ನಾರದ ಬಂಡೆಯದು ಇನ್ನೂ ವಿಚಿತ್ರ. ಒಂದೇ ಬಂಡೆಯ ಒಂದು ಮೈಮೇಲೆ ರಾಜ ಬರೆಸಿದ ಹದಿನಾಲ್ಕು ಶಾಸನಗಳಿವೆ, ಅಶೋಕ ಅನ್ನೋ ಹೆಸರಿಲ್ಲ. ಅದೇ ಬಂಡೆಯ ಇನ್ನೊಂದು ಕಡೆ ಕ್ರಿ.ಶ. 150ರ ಸುಮಾರಿಗೆ ಶಕ ಕ್ಷತ್ರಪ ರುದ್ರದಾಮ ಸಂಸ್ಕೃತದಲ್ಲಿ ಬರೆಸಿದ ಶಾಸನವಿದೆ. ಅಲ್ಲಿನ ಸುದರ್ಶನ ಕೆರೆಯ ಕಥೆ ಹೇಳುತ್ತಾ ಅವನು ಅಶೋಕ ಮೌರ್ಯನ ಹೆಸರು ಹೇಳುತ್ತಾನೆ. ಮಾತು ಒಂದು ಕಡೆ, ಹೆಸರು ಇನ್ನೊಂದು ಕಡೆ. ನಡುವೆ ನಾಲ್ಕು ಶತಮಾನ.

ಹಾಗಾಗಿ ಮಸ್ಕಿ. ದೇವಾನಂಪಿಯ ಮತ್ತು ಅಶೋಕ ಎರಡೂ ಒಂದೇ ಉಸಿರಿನಲ್ಲಿ ಬಂದ ಮೊದಲ ಶಾಸನ ಅದು. ಪ್ರಿನ್ಸೆಪ್ ಓದಿದ 78 ವರ್ಷಗಳ ಮೇಲೆ ಕಲ್ಲೇ ಬಾಯಿಬಿಟ್ಟು ಹೌದು ಅಂದಿತು. 1892ರಲ್ಲೇ ಬಿ.ಎಲ್. ರೈಸ್ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಇದೇ ರಾಜನ ಶಾಸನ ಹುಡುಕಿದ್ದರು. ಅವುಗಳಲ್ಲಿ ಕೆತ್ತಿದ ಲಿಪಿಕಾರ ಚಪಡನ ಹೆಸರಿದೆ, ರಾಜನ ಸ್ವಂತ ಹೆಸರಿಲ್ಲ! ಮುಂದೆ 1950ರ ದಶಕದಲ್ಲಿ ಮಧ್ಯಪ್ರದೇಶದ ಗುಜರ್ರಾದಲ್ಲಿ, 1970ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೊಳದಲ್ಲಿ ಅಶೋಕನ ಹೆಸರಿರುವ ಶಾಸನಗಳು ಸಿಕ್ಕವು. ಲೆಕ್ಕ ಹಾಕಿ: ರಾಜ ತನ್ನ ಹೆಸರು ಬರೆಸಿದ ಜಾಗ ಒಟ್ಟು ನಾಲ್ಕು, ಅದರಲ್ಲಿ ಮೂರು ಕರ್ನಾಟಕದಲ್ಲಿ, ಅದೂ ತುಂಗಭದ್ರೆಯ ಆಸುಪಾಸಿನ ಎರಡು ಜಿಲ್ಲೆಗಳಲ್ಲಿ.

ಇದಕ್ಕೆ ಕಿರೀಟ ಇಟ್ಟ ಹಾಗೆ ಕಲಬುರಗಿ ಜಿಲ್ಲೆಯ ಸನ್ನತಿ. ಭೀಮಾ ತೀರದ ಆ ಊರಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1980ರ ದಶಕದಲ್ಲಿ ಕಾಳಿಯ ಗುಡಿ ಕುಸಿದಾಗ, ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನಗಳು ಕಂಡವು. ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆದಾಗ ದೊಡ್ಡ ಸ್ತೂಪದ ಅವಶೇಷಗಳ ನಡುವೆ ಒಂದು ಶಿಲ್ಪ ಸಿಕ್ಕಿತು. ರಾಜ, ಜೊತೆಗೆ ಹೆಂಗಸರು, ಕೊಡೆ ಹಿಡಿದವಳು. ಮೇಲೆ ಬ್ರಾಹ್ಮಿಯಲ್ಲಿ 'ರಾಯೋ ಅಸೋಕೋ'. ಫೋಟೋ ಕೆಳಗೆ ಹೆಸರು ಬರೆದ ಹಾಗೆ. ಅವನು ಸತ್ತು ಎಷ್ಟೋ ತಲೆಮಾರು ಕಳೆದ ಮೇಲೆ, ಶಾತವಾಹನರ ಕಾಲದಲ್ಲಿ, ನಮ್ಮ ಭೀಮಾ ತೀರದ ಶಿಲ್ಪಿಯೊಬ್ಬನಿಗೆ ಈ ಹೆಸರು ನೆನಪಿತ್ತು!

*

ಆಧುನಿಕ ಕಾಲಕ್ಕೆ ಬಂದರೆ, ನಮ್ಮ ಅಪ್ಪನ ತಲೆಮಾರಿನವರ ಹಳೆ ಕ್ಲಾಸ್ ಫೋಟೋ ತೆಗೆದು ನೋಡಿ. ಒಬ್ಬರಲ್ಲ ಒಬ್ಬರು ಅಶೋಕ ಇದ್ದೇ ಇರುತ್ತಾರೆ. ತಾತನ ತಲೆಮಾರಿನಲ್ಲಿ ರಾಮಣ್ಣ, ವೆಂಕಪ್ಪ, ಬಸಪ್ಪ, ಸುಬ್ಬರಾಯರ ನಡುವೆ ಅಶೋಕಪ್ಪ ಅಂತ ಯಾರನ್ನಾದರೂ ಕೇಳಿದ್ದೀರಾ? ಶಾಸನಗಳಿಂದ ಎದ್ದು ಪಠ್ಯಪುಸ್ತಕಕ್ಕೆ ಬಂದ ರಾಜ, ಅಲ್ಲಿಂದ ತೊಟ್ಟಿಲಿಗೆ ಬಂದ ಅನ್ಸುತ್ತೆ. 1936ರಲ್ಲಿ 'ಜೀವನ್ ನೈಯಾ' ಚಿತ್ರಕ್ಕೆ ಕುಮುದಲಾಲ್ ಗಂಗೂಲಿ ಅನ್ನೋ ಯುವಕ ನಾಯಕನಾದಾಗ ಅವನಿಗೆ ಪರದೆಯ ಮೇಲೆ ಸಿಕ್ಕ ಹೆಸರು ಅಶೋಕ್ ಕುಮಾರ್. ನೆಹರೂ ಅವರ ಮಗಳ ಹೆಸರು ಇಂದಿರಾ ಪ್ರಿಯದರ್ಶಿನಿ. ಪಿಯದಸಿಯ ಸ್ತ್ರೀರೂಪ. 1947ರ ಜುಲೈ 22ರಂದು ಸಂವಿಧಾನ ಸಭೆ ಒಪ್ಪಿದ ಬಾವುಟದ ನಡುವೆ ಸಾರನಾಥದ ಚಕ್ರ ಬಂತು. 1950ರ ಜನವರಿ 26ಕ್ಕೆ ಸಿಂಹಗಳು ರಾಷ್ಟ್ರಲಾಂಛನವಾದವು. 1948ರಲ್ಲಿ ರಘುನಂದನ್ ಸರನ್ ಶುರುಮಾಡಿದ ಅಶೋಕ್ ಮೋಟರ್ಸ್‌ಗೆ ಹೆಸರು ಬಂದದ್ದು ಚಕ್ರವರ್ತಿಯಿಂದಲ್ಲ, ಅವರ ಮಗ ಅಶೋಕನಿಂದ. 1955ರಲ್ಲಿ ಅದೇ ಅಶೋಕ್ ಲೇಲ್ಯಾಂಡ್ ಆಯಿತು. ನಮ್ಮೂರ ಬಸ್ಸಿನ ಮೂತಿಯ ಮೇಲೆ ಓದಿದ 'ಅಶೋಕ' ಒಬ್ಬ ಅಪ್ಪನ ಮುದ್ದು!

ಬೆಂಗಳೂರಿನವರಿಗೆ ಅಶೋಕ ಅಂದರೆ ಪಿಲ್ಲರ್. 1948ರಲ್ಲಿ ರಾಜಾಜಿ ಜಯನಗರಕ್ಕೆ ಅಡಿಗಲ್ಲು ಹಾಕಿದ ನೆನಪಿನ ಕಂಬ ಅದು. ಇಷ್ಟು ವರ್ಷದಲ್ಲಿ ಎಷ್ಟು ಸಾವಿರ ಸಲ ಕಂಡಕ್ಟರುಗಳು ಆ ಹೆಸರು ಕೂಗಿರಬಹುದು. ಆದರೆ ಕರ್ನಾಟಕದಲ್ಲಿ ಅಶೋಕ ನಿಜವಾಗಿ ಮಾತಾಡಿದ್ದು ಕಂಬದ ಮೇಲಲ್ಲ, ಬಂಡೆಗಳ ಮೇಲೆ. ಅತ್ತ ಸಿಂಹಳದಲ್ಲಿ ಈ ಹೆಸರು ಇವತ್ತಿಗೂ ಚಲಾವಣೆಯಲ್ಲಿದೆ, ಗಂಡಸರಿಗೂ ಹೆಂಗಸರಿಗೂ. ನಮ್ಮಲ್ಲಿ ಮಾತ್ರ ಈಗ ಹುಟ್ಟುವ ಮಕ್ಕಳಿಗೆ ಇಡುವವರು ಕಡಿಮೆ. 'ಹಳೇ ಕಾಲದ ಹೆಸರು' ಅಂತಾರೆ. ಹಳೇ ಕಾಲದ್ದೇ ಹೌದು, ಎರಡು ಸಾವಿರದ ಮುನ್ನೂರು ವರ್ಷ ಹಳೇದು.

*

ಕೊನೆಯದಾಗಿ, ನನ್ನನ್ನು ತುಂಬಾ ಕಾಡಿದ ಒಂದು ಪದ. ಅಶೋಕನ ಹದಿಮೂರನೇ ಬಂಡೆ ಶಾಸನ ಕಳಿಂಗ ಯುದ್ಧದ್ದು. ಪಟ್ಟಾಭಿಷೇಕವಾಗಿ ಎಂಟು ವರ್ಷಕ್ಕೆ ನಡೆದ ಯುದ್ಧ. ಒಂದೂವರೆ ಲಕ್ಷ ಜನರನ್ನು ಹಿಡಿದೊಯ್ದರು, ಒಂದು ಲಕ್ಷ ಜನ ಅಲ್ಲೇ ಸತ್ತರು, ಅದರ ಎಷ್ಟೋ ಪಟ್ಟು ಆಮೇಲೆ ಸತ್ತರು ಅಂತ ಗೆದ್ದ ರಾಜನೇ ಲೆಕ್ಕ ಕೊಡುತ್ತಾನೆ. ಆಮೇಲೆ ಅವನಿಗಾದದ್ದೇನು? ಕಾಲ್ಸಿಯ ಪಾಠದಲ್ಲಿ ಅದಕ್ಕೆ ಬಳಸಿರುವುದು ಪಶ್ಚಾತ್ತಾಪ ಅನ್ನೋ ಅರ್ಥದ 'ಅನುಶಯ'ದ ರೂಪ. ಈಗ ಪಾಕಿಸ್ತಾನದಲ್ಲಿರುವ ಶಾಹಬಾಜ್‌ಗಢಿಯ ಪಾಠದಲ್ಲಿರುವ ಪದ 'ಅನುಸೋಚನ'. ಅನು-ಶೋಚನ. ಅದೇ 'ಶುಚ್' ಧಾತು! ಶೋಕ ಹುಟ್ಟಿದ ಬೇರಿನಿಂದಲೇ ಹುಟ್ಟಿದ ಪದ.

ಶೋಕವಿಲ್ಲದವನು ಅಂತ ಹೆಸರಿಟ್ಟುಕೊಂಡವನು ತನಗೆ ಶೋಚನೆಯಾಗಿದೆ ಅಂತ ಬಂಡೆಯ ಮೇಲೆ ಬರೆಸುತ್ತಾನೆ. ಆ ಶಾಸನದಲ್ಲಿ ಅವನು ತನ್ನ ಹೆಸರು ಬಳಸಿಲ್ಲ, ಬಿರುದು ಮಾತ್ರ ಇದೆ. ಹಾಗಾಗಿ ಬೇಕೆಂದೇ ಮಾಡಿದ ಶ್ಲೇಷೆ ಅನ್ನಲು ಬರುವುದಿಲ್ಲ. ಆದರೆ ಆ ಹೆಸರಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ಯಾವ ನಿಘಂಟಿನಲ್ಲೂ ಸಿಗಲಿಲ್ಲ. ಬೇರೆಯವರ ಸಾವು ತನ್ನೊಳಗೆ ಸುಡದೇ ಇದ್ದಿದ್ದರೆ ಅವನು ಅಕ್ಷರಶಃ ಅಶೋಕನೇ ಆಗಿ ಉಳಿಯುತ್ತಿದ್ದ, ಬೇಕಾದಷ್ಟು ಚಕ್ರವರ್ತಿಗಳ ಹಾಗೆ. ಅವನನ್ನು ನಾವು ನೆನೆಯುವುದು ಹೆಸರಿನ ಅರ್ಥವನ್ನು ಮೀರಿದ್ದಕ್ಕೆ. ಹೆಸರು ಮನೆಯವರು ಇಡುತ್ತಾರೆ, ಅದರ ಅರ್ಥವನ್ನು ನಾವು ಬದುಕಿ ಬರೆಯಬೇಕಾಗುತ್ತೆ.

ಸಿಂಧನೂರು-ಲಿಂಗಸುಗೂರು ದಾರಿಯಲ್ಲಿ ಹೋಗುವವರು ಮಸ್ಕಿಯಲ್ಲಿ ಒಂದರ್ಧ ಗಂಟೆ ಇಳಿಯಿರಿ. ಆ ಬಂಡೆ ಹೇಳುವುದು ದೊಡ್ಡ ಸಂಗತಿಯನ್ನೇ: ಸಾಧನೆ ದೊಡ್ಡವರಿಗೆ ಮಾತ್ರ ಅಲ್ಲ, ಶ್ರಮಪಟ್ಟರೆ ಸಣ್ಣವನಿಗೂ ದಕ್ಕುತ್ತದೆ ಅಂತ. ಬಹುಶಃ ಅದಕ್ಕೇ ಅಲ್ಲಿ ಬಿರುದಿನ ಜೊತೆಗೆ ಮನೆಯಲ್ಲಿ ಇಟ್ಟ ಹೆಸರನ್ನೂ ಬರೆಸಿದನೇನೋ ಅಂದುಕೊಳ್ಳೋದಕ್ಕೆ ನನಗೆ ಇಷ್ಟ.

ನಿಮ್ಮ ನಿಮ್ಮ ಹೆಸರಿನ ಹಿಂದೆಯೂ ಇಂಥದ್ದೊಂದು ಕಥೆ ಇದ್ದೇ ಇರುತ್ತೆ. ಹುಡುಕಿ, ಬರೀರಿ, ನಾನು ಓದೋಕೆ ಕಾಯ್ತಾ ಇರ್ತೀನಿ.